ಕಾಫಿಪುಡಿ ಬಿಲ್ಲಿನ 36 ರೂಪಾಯಿ: ಮೌಲ್ಯವರ್ಧಿತ ತೆರಿಗೆಯ ಲಾಭ ಯಾರಿಗೆ, ಹೊರೆ ಯಾರಿಗೆ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿಪುಡಿ ಕೊಂಡು ಬಿಲ್ ಕೇಳಿ ಪಡೆದರೆ ಕೊನೆಯಲ್ಲಿ ಎರಡು ಸಾಲು ಕಾಣುತ್ತವೆ: ಸಿಜಿಎಸ್‌ಟಿ (ಕೇಂದ್ರದ ಪಾಲು) ಶೇ 2.5, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಶೇ 2.5. ಲೆಕ್ಕ ಸುಲಭವಾಗಲಿ ಅಂತ ಕೆ.ಜಿ. ಪುಡಿಗೆ 720 ರೂ. ಎಂದಿಟ್ಟುಕೊಳ್ಳೋಣ. ತೆರಿಗೆ 36 ರೂ., ಒಟ್ಟು 756. ಗಿರಾಕಿ ಕೊಟ್ಟ 36 ರೂಪಾಯಿಯನ್ನು ಅಂಗಡಿಯವರು ಪೂರ್ತಿ ಸರ್ಕಾರಕ್ಕೆ ಕಟ್ಟುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಪೂರ್ತಿ ಜೇಬಿಗೇ ಇಳಿಸುತ್ತಾರೆ ಎಂದು ಇನ್ನು ಕೆಲವರು. ಎರಡೂ ಅಲ್ಲ. ಅವರು ಕಟ್ಟಬೇಕಾದದ್ದು 3 ರೂ. ಮಾತ್ರ.

ಬೀಜ ಹುರಿದು ಪುಡಿ ಮಾಡುವವರು ಸಗಟು ವ್ಯಾಪಾರಿಗೆ 600 ರೂ.ಗೆ ಮಾರಿ, ಮೇಲೆ 30 ರೂ. ತೆರಿಗೆ ಪಡೆದು ಸರ್ಕಾರಕ್ಕೆ ಕಟ್ಟುತ್ತಾರೆ. ಸಗಟು ವ್ಯಾಪಾರಿ ಅದನ್ನೇ ಅಂಗಡಿಗೆ 660ಕ್ಕೆ ಮಾರಿ 33 ರೂ. ತೆರಿಗೆ ವಸೂಲು ಮಾಡುತ್ತಾರೆ. ಕೊಳ್ಳುವಾಗ ಕೊಟ್ಟಿದ್ದ 30 ಕಳೆದು ಅವರು ಕಟ್ಟುವುದು 3 ರೂ. ಅಂಗಡಿಯವರು ನಿಮ್ಮಿಂದ ಪಡೆದ 36ರಲ್ಲಿ ತಾವು ಕೊಟ್ಟಿದ್ದ 33 ಕಳೆದು 3 ರೂ. ಕಟ್ಟುತ್ತಾರೆ. 30, 3, 3 ಕೂಡಿದರೆ ಅದೇ 36. ಪ್ರತಿಯೊಬ್ಬರೂ ತಮ್ಮ ಕೈಯಲ್ಲಿ ಸರಕಿನ ಬೆಲೆ ಎಷ್ಟು ಏರಿತೋ ಅಷ್ಟಕ್ಕೇ ತೆರಿಗೆ ಕಟ್ಟಿದಂತಾಯಿತು. ಮೌಲ್ಯವರ್ಧಿತ ತೆರಿಗೆ (ಇಂಗ್ಲಿಷಿನಲ್ಲಿ ‘ವ್ಯಾಟ್’) ಎಂದರೆ ಇಷ್ಟೆ. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹೀಗೆ ಕಳೆದುಕೊಳ್ಳುವುದಕ್ಕೆ ವ್ಯಾಪಾರಿಗಳು ‘ಇನ್‌ಪುಟ್ ತಗೊಳ್ಳೋದು’ ಅನ್ನುತ್ತಾರೆ. ಈ ತೆರಿಗೆಯ ಗುಣವೆಲ್ಲ ಈ ಇನ್‌ಪುಟ್‌ನಲ್ಲಿದೆ. ಅದರ ದೋಷಗಳಲ್ಲಿ ಹೆಚ್ಚಿನವು ಇನ್‌ಪುಟ್ ಕೈತಪ್ಪುವ ಜಾಗಗಳಲ್ಲಿ ಹುಟ್ಟುತ್ತವೆ.

ಇನ್‌ಪುಟ್ ಇಲ್ಲದಿದ್ದರೆ ಏನಾಗುತ್ತಿತ್ತು ನೋಡಿ. 600ಕ್ಕೆ 30 ಸೇರಿ 630. ಸಗಟು ವ್ಯಾಪಾರಿಗೆ ಅದೇ ಅಸಲು; 60 ರೂ. ಲಾಭ ಸೇರಿಸಿದರೆ 690, ಅದಕ್ಕೆ ಶೇ 5 ತೆರಿಗೆ 34.50. ಅಂಗಡಿಗೆ 724.50ಕ್ಕೆ ಬಿತ್ತು. ಅಲ್ಲಿ ಮತ್ತೆ 60 ಲಾಭ, ಮತ್ತೆ ಶೇ 5. ನಿಮ್ಮ ಕೈಗೆ ಬರುವಾಗ ಬೆಲೆ ಸುಮಾರು 824. ತೆರಿಗೆ ಮಾತ್ರವೇ ನೂರು ರೂಪಾಯಿ ದಾಟಿತು. ಹೆಸರಿಗೆ ಶೇ 5, ಬಿದ್ದದ್ದು ಶೇ 14ಕ್ಕೂ ಮೇಲೆ. ಕೈ ಬದಲಾದಷ್ಟೂ ತೆರಿಗೆಯ ಮೇಲೆ ತೆರಿಗೆ. ಸರಕು ಹೆಚ್ಚು ಕೈ ದಾಟಬಾರದೆಂದು ದೊಡ್ಡ ಕಂಪನಿಗಳು ಎಲ್ಲವನ್ನೂ ತಾವೇ ಮಾಡಿಕೊಳ್ಳಲು ನೋಡುತ್ತವೆ. ಒಂದೊಂದೇ ಕೆಲಸ ಹಿಡಿದ ಸಣ್ಣವರು ಸೋಲುತ್ತಾರೆ.

ನಮ್ಮ ಹಳೆಯ ಮಾರಾಟ ತೆರಿಗೆ ಇಷ್ಟು ಕೆಟ್ಟದ್ದಾಗಿರಲಿಲ್ಲ ಅನ್ನಬೇಕು. 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯಲ್ಲಿ ಎಷ್ಟೋ ಸರಕಿಗೆ ಮೊದಲ ಮಾರಾಟದಲ್ಲಿ ಒಮ್ಮೆ ತೆರಿಗೆ ಬಿದ್ದರೆ ಮುಗಿಯಿತು. ಅದರ ತೊಂದರೆ ಬೇರೆ ಥರ. ಮೊದಲ ಮಾರಾಟವನ್ನು ತಮ್ಮದೇ ಇನ್ನೊಂದು ಸಂಸ್ಥೆಗೆ ಕಡಿಮೆ ಬೆಲೆಗೆ ತೋರಿಸಿ, ನಿಜವಾದ ಲಾಭವನ್ನು ಎರಡನೇ ಮಾರಾಟದಲ್ಲಿ ತೆಗೆಯುವ ಚಾಲಾಕಿಗೆ ದಾರಿ ಇತ್ತು. ಜೊತೆಗೆ ಕಾರ್ಖಾನೆಯಲ್ಲಿ ಬೀಳುವ ಕೇಂದ್ರದ ಅಬಕಾರಿ ಸುಂಕ, ಹೊರರಾಜ್ಯದಿಂದ ತಂದರೆ ಕೇಂದ್ರ ಮಾರಾಟ ತೆರಿಗೆ. ಒಂದರ ಲೆಕ್ಕ ಇನ್ನೊಂದರಲ್ಲಿ ಕಳೆಯುವಂತಿರಲಿಲ್ಲ.

ಕಳೆದುಕೊಳ್ಳುವ ಪದ್ಧತಿಯನ್ನು ಮೊದಲು ದೇಶಮಟ್ಟದಲ್ಲಿ ನಡೆಸಿ ತೋರಿಸಿದ್ದು ಫ್ರಾನ್ಸ್, 1954ರಲ್ಲಿ, ಮೋರಿಸ್ ಲೋರೆ ಎಂಬ ತೆರಿಗೆ ಅಧಿಕಾರಿಯ ಯೋಜನೆಯಂತೆ. ಇಂದು 170ಕ್ಕೂ ಹೆಚ್ಚು ದೇಶಗಳಲ್ಲಿದೆ. ದೊಡ್ಡ ಆರ್ಥಿಕತೆಗಳಲ್ಲಿ ಅಮೆರಿಕ ಮಾತ್ರ ಇನ್ನೂ ರಾಷ್ಟ್ರಮಟ್ಟದಲ್ಲಿ ಒಪ್ಪಿಕೊಂಡಿಲ್ಲ. ನಮ್ಮಲ್ಲಿ 1986ರಲ್ಲಿ ಅಬಕಾರಿ ಸುಂಕದಲ್ಲಿ ‘ಮಾಡ್‌ವ್ಯಾಟ್’ ಎಂದು ಶುರುವಾಯಿತು, ಕರ್ನಾಟಕದ ಅಂಗಡಿಗಳಿಗೆ 2005ರ ಏಪ್ರಿಲ್ 1ರಂದು ‘ವ್ಯಾಟ್’ ಆಗಿ ಬಂತು, 2017ರ ಜುಲೈ 1ರಂದು ಜಿಎಸ್‌ಟಿ, ಅಂದರೆ ಸರಕು ಮತ್ತು ಸೇವಾ ತೆರಿಗೆಯಾಗಿ ಇಡೀ ದೇಶಕ್ಕೆ ಒಂದಾಯಿತು. ಹೆಸರು ಬದಲಾದರೂ ಲೆಕ್ಕ ಅದೇ 30, 3, 3.

ಒಬ್ಬರ ಬಿಲ್ಲು ಇನ್ನೊಬ್ಬರಿಗೆ ಕಾವಲು

ಸರ್ಕಾರಗಳಿಗೆ ಈ ತೆರಿಗೆ ಇಷ್ಟವಾಗಲು ದೊಡ್ಡ ಕಾರಣ, ಕಾವಲಿಗೆ ಹೆಚ್ಚು ಜನ ಬೇಡ. ಅಂಗಡಿಯವರಿಗೆ ತಮ್ಮ 33 ರೂ. ಕಳೆದುಕೊಳ್ಳಬೇಕಾದರೆ ಸಗಟು ವ್ಯಾಪಾರಿಯ ಬಿಲ್ ಬೇಕೇ ಬೇಕು. ಕೊಳ್ಳುವವರೇ ಮಾರುವವರ ಬೆನ್ನು ಹತ್ತಿ ಬಿಲ್ ಕೇಳುತ್ತಾರೆ. ಒಂದೇ ವ್ಯವಹಾರ ಇಬ್ಬರ ಲೆಕ್ಕದಲ್ಲೂ ದಾಖಲಾಗುತ್ತದೆ, ತಾಳೆ ಬೀಳದಿದ್ದರೆ ಕಂಪ್ಯೂಟರಿನಲ್ಲೇ ಗೊತ್ತಾಗುತ್ತದೆ. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಗಳಲ್ಲಿ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ಎದ್ದುಹೋದವು. ಈಗ 50,000 ರೂ. ಮೇಲಿನ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ (ಆನ್‌ಲೈನಿನಲ್ಲಿ ಮಾಡುವ ಸಾಗಣೆ ಚೀಟಿ) ಇದ್ದರಾಯಿತು.

ಇದಕ್ಕೂ ಅಡ್ಡದಾರಿ ಹುಟ್ಟಿದೆ. ಸರಕೇ ಇಲ್ಲದೆ ಬರೀ ಬಿಲ್ ಮಾರುವ ದಂಧೆ, ಅಂದರೆ ನಕಲಿ ಬಿಲ್ಲಿನ ಮೇಲೆ ಇನ್‌ಪುಟ್ ಹೊಡೆದು ನಾಪತ್ತೆಯಾಗುವುದು, ವ್ಯಾಟ್ ಇರುವ ಎಲ್ಲ ಕಡೆಯ ತಲೆನೋವು. ಅದನ್ನು ತಡೆಯಲು ಮಾಡಿದ ನಿಯಮ ಪ್ರಾಮಾಣಿಕರ ಕುತ್ತಿಗೆಗೆ ಬಿದ್ದಿದೆ. ನೀವು ಮಾರಿದವರಿಗೆ ತೆರಿಗೆ ಸಮೇತ ಹಣ ಕೊಟ್ಟಿರಬಹುದು, ಬಿಲ್ಲೂ ಇರಬಹುದು. ಆದರೆ ಅವರು ರಿಟರ್ನ್ (ಇಲಾಖೆಗೆ ಕೊಡುವ ಲೆಕ್ಕ) ಹಾಕದೆ ಕೈಕೊಟ್ಟರೆ ಇನ್‌ಪುಟ್ ಹೋಗುವುದು ನಿಮ್ಮದು. ಅವರ ತಪ್ಪಿಗೆ ನೀವು ಎರಡನೇ ಸಲ ಕಟ್ಟಬೇಕು. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ವಸೂಲಿ ಮಾಡುವ ಅಧಿಕಾರ ಇರುವುದು ಸರ್ಕಾರದ ಕೈಯಲ್ಲಿ, ಅರಸೀಕೆರೆಯ ಅಂಗಡಿಯವರ ಕೈಯಲ್ಲಲ್ಲ.

ಇನ್ನು ಈ ಕಾವಲು ಕೊನೆಯ ಕೈಗೆ ಬಂದಾಗ ನಿಂತುಬಿಡುತ್ತದೆ. ಮನೆಗೆ ಕೊಳ್ಳುವವರಿಗೆ ಇನ್‌ಪುಟ್ ಇಲ್ಲ, ಬಿಲ್ಲಿನಿಂದ ಏನೂ ಗಿಟ್ಟುವುದಿಲ್ಲ. ಪೈಪು, ಸಿಮೆಂಟು, ಟೈಲ್ಸ್ ಅಂಗಡಿಗೆ ಹೋದವರಿಗೆಲ್ಲ ಈ ಮಾತುಕತೆ ಗೊತ್ತು.

‘ಬಿಲ್ ಬೇಕಾ ಸರ್? ಬಿಲ್ ಆದ್ರೆ ಹದಿನೆಂಟು ಪರ್ಸೆಂಟ್ ಸೇರುತ್ತೆ.’

‘ಬೇಡ ಬಿಡಿ, ರೇಟ್ ನೋಡಿ ಹಾಕಿ.’

ಕೈಗೆ ಬರುವುದು ‘ಎಸ್ಟಿಮೇಟ್’ ಎಂದು ಮೇಲೆ ಅಚ್ಚಾದ ಚೀಟಿ. ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ. ಇಬ್ಬರಿಗೂ ಖುಷಿ. ಆದರೂ ಇಲ್ಲಿ ತಪ್ಪಿಹೋಗುವುದು ಪೂರ್ತಿ ತೆರಿಗೆಯಲ್ಲ. ಅಂಗಡಿಯವರು ಆ ಪೈಪನ್ನು ಬಿಲ್ ಹಾಕಿಸಿಯೇ ತಂದಿದ್ದರೆ ಹಿಂದಿನವರ ತೆರಿಗೆ ಖಜಾನೆ ಸೇರಿಯಾಗಿದೆ, ತಪ್ಪುವುದು ಕೊನೆಯ ಕೈಯ ಪಾಲು ಮಾತ್ರ. ಕೊನೆಯಲ್ಲಿ ಒಮ್ಮೆಗೇ ಹಾಕುವ ತೆರಿಗೆಯಾಗಿದ್ದರೆ ಅಷ್ಟೂ ಹೋಗುತ್ತಿತ್ತು. ಸೋರಿದರೂ ಪೂರ್ತಿ ಸೋರದಿರುವುದು ವ್ಯಾಟ್‌ನ ನಿಜವಾದ ಜಾಣ್ಮೆ.

‘ತೆರಿಗೆ ಇಲ್ಲ’ ಅಂದರೆ ಇಲ್ಲವೇ?

ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ. ಹಾಸನದ ಆಲೂಗಡ್ಡೆಗೂ ಇಲ್ಲ. ತಾನು ಬೆಳೆದದ್ದನ್ನು ಮಾರುವ ರೈತ ನೋಂದಣಿಯನ್ನೂ ಮಾಡಿಸಬೇಕಿಲ್ಲ. ಭಾಷಣಗಳಲ್ಲಿ ಇದನ್ನು ರೈತನಿಗೆ ಕೊಟ್ಟ ಉಡುಗೊರೆ ಎನ್ನುತ್ತಾರೆ. ತೋಟದ ಖರ್ಚಿನ ಪುಸ್ತಕ ತೆರೆದರೆ ಚಿತ್ರ ಬೇರೆ. ಗೊಬ್ಬರಕ್ಕೆ ಶೇ 5. ಕೀಟನಾಶಕಕ್ಕೆ ಶೇ 18. ಕಣಕ್ಕೆ ಹಾಕಿಸಿದ ಸಿಮೆಂಟಿಗೆ 2025ರ ಸೆಪ್ಟೆಂಬರ್‌ವರೆಗೆ ಶೇ 28, ಈಗ 18. ಸ್ಪ್ರಿಂಕ್ಲರಿಗೆ ನೀರು ಒಯ್ಯುವ ಪಿವಿಸಿ ಪೈಪಿಗೆ 18. ಇದೆಲ್ಲವನ್ನೂ ಬೆಳೆಗಾರರು ಕೊಟ್ಟಿದ್ದಾರೆ. ಆದರೆ ಮಾರುವಾಗ ತೆರಿಗೆ ಹಾಕುವಂತಿಲ್ಲದ ಕಾರಣ ಕಳೆದುಕೊಳ್ಳಲು ಜಾಗವೇ ಇಲ್ಲ. ಬೀಜದ ಬೆಲೆ ನಿಗದಿಯಾಗುವುದು ಲಂಡನ್ ಮತ್ತು ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡು, ಮೂಡಿಗೆರೆಯ ಖರ್ಚು ನೋಡಿಕೊಂಡಲ್ಲ. ಹಾಗಾಗಿ ಮುಂದಿನವರ ಮೇಲೆ ಹೇರುವುದೂ ಆಗದು. ತೆರಿಗೆ ತೋಟದಲ್ಲೇ ಉಳಿಯಿತು.

ರಫ್ತಿನ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಸರಕು ಎಲ್ಲಿ ಬಳಕೆಯಾಗುತ್ತದೋ ಆ ದೇಶದಲ್ಲಿ ತೆರಿಗೆ ಎಂಬುದು ವ್ಯಾಟ್‌ನ ಮೂಲ ಸೂತ್ರ. ಅದಕ್ಕೇ ರಫ್ತಿಗೆ ಶೂನ್ಯ ದರ: ಮಾರಾಟಕ್ಕೆ ತೆರಿಗೆ ಇಲ್ಲ, ಕೊಳ್ಳುವಾಗ ಕೊಟ್ಟದ್ದು ವಾಪಸ್. ಶೂನ್ಯ ದರಕ್ಕೂ ವಿನಾಯಿತಿಗೂ ಇರುವ ಅಂತರ ಈ ‘ವಾಪಸ್’ ಅನ್ನುವುದರಲ್ಲಿದೆ. ನಮ್ಮ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಇಟಲಿಗೆ ಎಲ್ಲಕ್ಕಿಂತ ಹೆಚ್ಚು. ರಫ್ತುದಾರರಿಗೆ ಚೀಲ, ಸಾಗಣೆ ಇತ್ಯಾದಿಗೆ ಕೊಟ್ಟ ತೆರಿಗೆ ವಾಪಸ್ ಸಿಗುತ್ತದೆ. ಬೆಳೆಗಾರರು ಕೊಟ್ಟ ತೆರಿಗೆ ಮಾತ್ರ ಯಾವ ಬಿಲ್ಲಿನಲ್ಲೂ ಇಲ್ಲ, ಅದನ್ನು ಯಾರೂ ವಾಪಸ್ ಕೇಳುವಂತಿಲ್ಲ. ಇಟಲಿಯಲ್ಲಿ ಕುಡಿಯುವ ಕಾಫಿಗೆ ಇಲ್ಲಿನ ತೋಟದವರು ಇಲ್ಲಿನ ತೆರಿಗೆ ಕಟ್ಟಿದಂತಾಯಿತು.

ಡೀಸೆಲ್ ಸೇರಿಸಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಪೆಟ್ರೋಲ್, ಡೀಸೆಲ್, ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿವೆ. ರಾಜ್ಯಗಳು ತಮ್ಮ ಕೈಯಲ್ಲಿ ಉಳಿಸಿಕೊಂಡ ದೊಡ್ಡ ಆದಾಯ ಇವು. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲೆ ಮಾರಾಟ ತೆರಿಗೆ ಶೇ 21.17. ಜೊತೆಗೆ ಕೇಂದ್ರದ ಅಬಕಾರಿ ಸುಂಕ ಬೇರೆ. ಎರಡಕ್ಕೂ ಇನ್‌ಪುಟ್ ಇಲ್ಲ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗುವ ಪ್ರತಿ ಲಾರಿಯ ಬಾಡಿಗೆಯೊಳಗೆ ಆ ತೆರಿಗೆ ಸೇರಿಕೊಂಡಿದೆ, ಬಾಡಿಗೆಯ ಮೇಲೆ ಮತ್ತೆ ಜಿಎಸ್‌ಟಿ. 1957ರ ಕಾಯ್ದೆಯನ್ನು ನಾವು ಪೂರ್ತಿ ಬಿಟ್ಟು ಬಂದಿಲ್ಲ.

ಹೋಟೆಲುಗಳ ಕಥೆ ಬೇರೆ. ಅವಕ್ಕೆ ಮೊದಲು ಇನ್‌ಪುಟ್ ಇತ್ತು: ಎ.ಸಿ. ಇಲ್ಲದವಕ್ಕೆ ಶೇ 12, ಎ.ಸಿ. ಇದ್ದರೆ ಶೇ 18. ಇನ್‌ಪುಟ್‌ನ ಲಾಭವನ್ನು ಗಿರಾಕಿಗೆ ದಾಟಿಸಲಿಲ್ಲ ಎಂಬ ದೂರು ಬಂದು, 2017ರ ನವೆಂಬರ್ 15ರಿಂದ ಇನ್‌ಪುಟ್ ಕಿತ್ತುಕೊಂಡು ಶೇ 5 ಮಾಡಿದರು. ಬಿಲ್ಲಿನಲ್ಲಿ ಕಾಣುವ ತೆರಿಗೆ ಇಳಿದದ್ದು ನಿಜ. ಆದರೆ ವಾಣಿಜ್ಯ ಸಿಲಿಂಡರಿನ ಶೇ 18, ಮಿಕ್ಸಿ ಗ್ರೈಂಡರಿನ ತೆರಿಗೆ ಎಲ್ಲ ಈಗ ಇಡ್ಲಿ ಬೆಲೆಯೊಳಗೆ ಅಡಗಿ ಕುಳಿತಿವೆ.

2025ರ ಸೆಪ್ಟೆಂಬರ್ 22ರಿಂದ ಚಿಕ್ಕಮಗಳೂರಿನ ಹೋಂಸ್ಟೇಗಳಿಗೂ ಇದೇ ಆಯಿತು. ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಶೇ 12 ಇದ್ದದ್ದು 5ಕ್ಕೆ ಇಳಿಯಿತು, ಜೊತೆಗೇ ಇನ್‌ಪುಟ್ ಹೋಯಿತು. ಬಾಬಾಬುಡನ್‌ಗಿರಿ ನೋಡಲು ಬಂದ ಕುಟುಂಬಕ್ಕೆ ಕಡಿಮೆಯಾಯಿತು, ಒಳ್ಳೆಯದೆ. ಅದೇ ವರ್ಷ ಹಾಸಿಗೆ, ಗೀಸರ್, ಸೋಲಾರ್ ಎಂದು ದೊಡ್ಡ ಖರ್ಚು ಮಾಡಿದ ಮಾಲೀಕರಿಗೆ ಆ ತೆರಿಗೆಯೆಲ್ಲ ಅಸಲಿಗೆ ಸೇರಿತು. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನವರಿಗೆ ನೋಂದಣಿ ಬೇಡ. ಆದರೆ ಕೋಣೆ ಆ್ಯಪ್ ಮೂಲಕ ಬುಕ್ ಆದರೆ ಆ ತೆರಿಗೆಯನ್ನು ಆ್ಯಪ್ ನಡೆಸುವ ಕಂಪನಿಯೇ ಕಟ್ಟಬೇಕು. ಒಂದೇ ಮನೆಯ ಒಂದೇ ಕೋಣೆ, ಫೋನ್ ಮಾಡಿ ಬಂದವರಿಗೆ ಒಂದು ದರ, ಆ್ಯಪ್‌ನಲ್ಲಿ ಬಂದವರಿಗೆ ಇನ್ನೊಂದು.

ಕಡಿಮೆ ದರ ಕಿವಿಗೆ ಇಂಪು. ಇನ್‌ಪುಟ್ ಕೊಡದ ಶೇ 5 ಅಂದರೆ ನಿಜಕ್ಕೂ ಶೇ 5 ಅಲ್ಲ. ಎಷ್ಟು ಎಂದು ಬಿಲ್ ನೋಡಿ ಹೇಳಲು ಬಾರದ ಒಂದು ತೆರಿಗೆ.

ಬನ್ನು, ಕ್ರೀಮು ಮತ್ತು 26 ಕೆ.ಜಿ. ಚೀಲ

ದರಗಳ ಸಂಖ್ಯೆ ಹೆಚ್ಚಾದಷ್ಟೂ ‘ಇದು ಯಾವುದರಲ್ಲಿ ಬರುತ್ತದೆ’ ಎಂಬ ಜಗಳ. ಬ್ರೆಡ್ಡಿಗೆ ತೆರಿಗೆ ಇಲ್ಲ, ರಸ್ಕಿಗೆ ಶೇ 5, ಕೇಕಿಗೆ 2025ರ ಸೆಪ್ಟೆಂಬರ್‌ವರೆಗೆ 18. 2024ರಲ್ಲಿ ಕೊಯಮತ್ತೂರಿನ ಹೋಟೆಲ್ ಮಾಲೀಕರೊಬ್ಬರು ಹಣಕಾಸು ಸಚಿವರ ಮುಂದೆ ಇದನ್ನೇ ಹೇಳಿದ್ದು: ಬನ್ನಿಗೆ ತೆರಿಗೆ ಇಲ್ಲ, ಒಳಗಿನ ಕ್ರೀಮಿಗೆ ಇದೆ, ಗಿರಾಕಿಗಳು ಬೇರೆ ಬೇರೆ ಕೊಡಿ ಎನ್ನುತ್ತಾರೆ ಎಂದು. ಇನ್ನೊಂದು ನಮ್ಮ ಕಿರಾಣಿ ಅಂಗಡಿಯಲ್ಲೇ ಇದೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಬಿತ್ತು. ಸ್ವಲ್ಪ ದಿನಕ್ಕೇ 26 ಕೆ.ಜಿ. ಚೀಲ ಮಾರುಕಟ್ಟೆಗೆ ಬಂತು. ಸೋನಾ ಮಸೂರಿ ಚೀಲದ ಮೇಲಿನ ಆ 26ಕ್ಕೆ ಬೇರೆ ಕಾರಣವಿಲ್ಲ. 26 ಕೆ.ಜಿ. ಒಮ್ಮೆಗೇ ಕೊಳ್ಳಲಾಗದೆ 5 ಕೆ.ಜಿ. ಪ್ಯಾಕೆಟ್ ಒಯ್ಯುವವರು ತೆರಿಗೆ ಕೊಡುತ್ತಾರೆ, ಚೀಲ ಇಳಿಸಿಕೊಳ್ಳುವವರು ಕೊಡುವುದಿಲ್ಲ.

ವ್ಯಾಟ್‌ನ ಮೇಲಿನ ಹಳೆಯ ಆಕ್ಷೇಪವೂ ಇದೇ. ಅದು ಸರಕನ್ನು ನೋಡುತ್ತದೆ, ಮನುಷ್ಯರನ್ನಲ್ಲ. ತೋಟಕ್ಕೆ ಕೂಲಿಗೆ ಹೋಗುವವರು ದುಡಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಖರ್ಚು ಮಾಡುತ್ತಾರೆ. ತೋಟದ ಮಾಲೀಕರು ಒಂದಷ್ಟು ಉಳಿಸುತ್ತಾರೆ. ಖರ್ಚಿನ ಮೇಲೆ ತೆರಿಗೆ ಅಂದರೆ ಕೂಲಿಯವರ ಆದಾಯದ ಹೆಚ್ಚು ಪಾಲು ತೆರಿಗೆಗೆ ಹೋಯಿತು. ಬಿಡಿ ಅಕ್ಕಿ, ಹಾಲು, ತರಕಾರಿಗೆ ವಿನಾಯಿತಿ ಕೊಡುವುದು ಇದಕ್ಕೇ. ಆದರೆ ಆ ವಿನಾಯಿತಿ ಉಳ್ಳವರ ಅಡುಗೆಮನೆಗೂ ಹೋಗುತ್ತದೆ, ಕೊಳ್ಳುವುದು ಹೆಚ್ಚಾದ್ದರಿಂದ ಹೆಚ್ಚೇ ಹೋಗುತ್ತದೆ. ಎಲ್ಲದಕ್ಕೂ ಒಂದು ಸಣ್ಣ ದರ ಹಾಕಿ, ಬಂದದ್ದನ್ನು ಬಡವರ ಖಾತೆಗೆ ನೇರ ಕೊಡಿ ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ತಿಂಗಳಿಗೆ 2,000 ರೂ. ಗೃಹಲಕ್ಷ್ಮಿ ಹಣ ಖಾತೆಗೆ ಹೋಗುವ ರಾಜ್ಯದಲ್ಲಿ ಇದು ಅಸಾಧ್ಯವೇನಲ್ಲ. ಆದರೆ ಎಲ್ಲ ಅಕ್ಕಿಗೂ ತೆರಿಗೆ ಹಾಕಿದೆವು ಎಂದು ಹೇಳಿ ಚುನಾವಣೆಗೆ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ.

ಚಹಾ ಅಂಗಡಿಗೆ ಬಂದ ನೋಟಿಸು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು ಸುಮಾರು 29 ಲಕ್ಷದ ನೋಟಿಸು. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ’ ಬೋರ್ಡು ಬಿದ್ದವು. ಅಲ್ಲಿನ ಬೇಕರಿಗಳಲ್ಲಿ ಎಷ್ಟೋ ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೋದವರದು, ಹಾಗಾಗಿ ಆ ಬಿಸಿ ಇಲ್ಲಿಗೂ ತಟ್ಟಿತು. ಕೊನೆಗೆ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಬೇಕಾಯಿತು.

ಗೊಂದಲ ಇದ್ದದ್ದು ಇಲ್ಲಿ. ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ಸೇವೆಯೂ ಸೇರಿದರೆ 20 ಲಕ್ಷ, ಮತ್ತು ಕುಳಿತು ಕುಡಿಯುವ ಚಹಾ ಕಾಯ್ದೆಯ ಕಣ್ಣಿಗೆ ಸೇವೆ. ಬರೀ ತರಕಾರಿ, ಬರೀ ಹಾಲು ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸೋಪು ಇಟ್ಟರೆ ಹಾಲಿನ ಮಾರಾಟವೂ ಸೇರಿ ಮಿತಿ ಲೆಕ್ಕ. ದಿನಕ್ಕೆ 11,000 ರೂ. ವ್ಯಾಪಾರವಿದ್ದರೆ ವರ್ಷಕ್ಕೆ 40 ಲಕ್ಷ ದಾಟುತ್ತದೆ. ಹಾಲಿನಲ್ಲಿ ಸಿಗುವುದು ಪುಡಿಗಾಸು, ಲೆಕ್ಕಕ್ಕೆ ಬರುವುದು ಪೂರ್ತಿ ಹಣ.

ಒಳಗೆ ಬಂದವರಿಗೆ ಕಾಗದದ ಕೆಲಸ. ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆ. ಸಣ್ಣವರಿಗೆ ರಿಟರ್ನ್ ಮೂರು ತಿಂಗಳಿಗೊಮ್ಮೆ ಎಂಬ ಸೌಲಭ್ಯವಿದೆ. ಬಿಲ್ ಮಾಡಿದ ಮೇಲೆ ಹಣ ಬರಲಿ ಬಿಡಲಿ, ತೆರಿಗೆ ಕಟ್ಟಲೇಬೇಕು. ಉದ್ರಿಯಲ್ಲೇ ನಡೆಯುವ ನಮ್ಮ ಊರುಗಳ ವ್ಯಾಪಾರಕ್ಕೆ ಇದು ದೊಡ್ಡ ಪೆಟ್ಟು. ದೊಡ್ಡ ಕಂಪನಿಗೆ ಲೆಕ್ಕದ ವಿಭಾಗವೇ ಇರುತ್ತದೆ, ಬೇಲೂರಿನ ಅಂಗಡಿಯವರಿಗೆ ಆಡಿಟರಿಗೆ ಕೊಡುವ ತಿಂಗಳ ಫೀಸೇ ಇನ್ನೊಂದು ತೆರಿಗೆ.

ಇದಕ್ಕೆಂದೇ ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಇರುವುದು. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ವ್ಯಾಪಾರಿ, ತಯಾರಕರಿಗೆ ಶೇ 1, ಹೋಟೆಲಿಗೆ ಶೇ 5. ಗಿರಾಕಿಯಿಂದ ತೆರಿಗೆ ಕೇಳುವಂತಿಲ್ಲ, ಇನ್‌ಪುಟ್ ಇಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಇದನ್ನು ಆಯ್ದುಕೊಳ್ಳಬೇಕೇ ಬೇಡವೇ ಎಂಬುದಕ್ಕೆ ಉತ್ತರ ನಿಮ್ಮ ಲಾಭದಲ್ಲಿಲ್ಲ, ನಿಮ್ಮಿಂದ ಕೊಳ್ಳುವವರು ಯಾರು ಎಂಬುದರಲ್ಲಿದೆ. ವರ್ಷಕ್ಕೆ 60 ಲಕ್ಷದ ಪುಡಿ ಮಾರುವ ರೋಸ್ಟರ್, ಅಂದರೆ ಬೀಜ ಹುರಿದು ಪುಡಿ ಮಾಡುವವರು, ಒಬ್ಬರನ್ನು ತೆಗೆದುಕೊಳ್ಳಿ. ಅವರು ಕೊಳ್ಳುವ ಬೀಜಕ್ಕೆ ತೆರಿಗೆಯೇ ಇಲ್ಲದ್ದರಿಂದ ಇನ್‌ಪುಟ್ ಎಂದು ಸಿಗುವುದು ಅಷ್ಟಕ್ಕಷ್ಟೆ. ಮಾಮೂಲಿ ದಾರಿಯಲ್ಲಿ 3 ಲಕ್ಷದ ಹತ್ತಿರ ವಸೂಲು ಮಾಡಿ ಕಟ್ಟಬೇಕು. ರಾಜಿಯಲ್ಲಿ ಕೈಯಿಂದ 60,000. ಗಿರಾಕಿಗಳು ಮನೆಯವರಾದರೆ, ಇಲ್ಲವೇ ಊರಿನ ಹೋಟೆಲುಗಳಾದರೆ, ರಾಜಿಯೇ ಲೇಸು: ಅವರಿಬ್ಬರಿಗೂ ಇನ್‌ಪುಟ್ ಬೇಕಾಗಿಲ್ಲ, ಶೇ 5 ಇಲ್ಲದ ಪುಡಿ ಅಗ್ಗ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿಗೆ ಕೊಡುವುದಾದರೆ ಅವರು ಮೊದಲ ದಿನವೇ ತೆರಿಗೆ ಬಿಲ್ ಕೇಳುತ್ತಾರೆ. ಚೆನ್ನೈಗೆ ಕಳಿಸುವ ಯೋಚನೆ ಇದ್ದರೆ ರಾಜಿಯ ಮಾತೇ ಇಲ್ಲ.